ಯಾರೂ ಸಾಯದ ಊರು ಮತ್ತು ನಮ್ಮ ಮನೆಯ ಒಂದು ರಟ್ಟೆ

ನಮ್ಮ ಸವಿತಾಳಿಗೆ ಕೆಲಸ ಸಿಕ್ಕಿತು! ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ನನ್ನ ಮಗ ಸಿದ್ದುವಿನ ಮಗಳು, ನನಗಿರುವ ಒಬ್ಬಳೇ ಮೊಮ್ಮಗಳು, ಎದೆಬೇನೆ ಮತ್ತು ಲಕ್ವಾದ ಸರ್ವೆ ಕೆಲಸಕ್ಕೆ ಆಯ್ಕೆಯಾದಳು. ಬಾಗಲಕೋಟೆಯ ಆಫೀಸಿನಿಂದಲೇ ಫೋನು ಮಾಡಿ "ಮುತ್ಯಾ, ಆತು!" ಎಂದಳು. ಅಷ್ಟೇ. ನಾನು ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ, ಅಂಗಡಿಗೆ ಹೋಗಿ ಪೇಢಾ ತಂದು ಓಣಿಗೆಲ್ಲ ಹಂಚಿದೆ. ನನಗೆ ಸಕ್ಕರೆ ಬೇನೆ ಇದೆ ಎಂದು ಗೊತ್ತಿದ್ದವರೂ ನನ್ನ ಬಾಯಿಗೇ ಒಂದೊಂದು ತುರುಕಿದರು. ಊರೂರಿಗೆ "ಸಿಹಿ ಕಡಿಮೆ ಮಾಡ್ರಿ" ಎಂದು ಸಾರುತ್ತ ಹೋದ ಬಾಯಿ ಅದು. ಅವತ್ತು ಒಂದನ್ನೂ ಬೇಡ ಎನ್ನಲಿಲ್ಲ.

ನಾನು ಬಿ.ಪಿ. ಮಷಿನ್ ಹೊತ್ತು ತಿರುಗಿದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಊರುಗಳಲ್ಲೇ ಇನ್ನು ಆಕೆ ತಿರುಗುತ್ತಾಳೆ. ನಾನು ಹೆಲ್ಪರ್ ಆಗಿ ಸೇರಿ ಹೆಲ್ಪರ್ ಆಗಿಯೇ ನಿವೃತ್ತನಾದವನು, ಆದ್ದರಿಂದ ಬಡ್ತಿಯ ಕಥೆ ಹೇಳಿ ಯಾರ ಹೊತ್ತೂ ಹಾಳು ಮಾಡುವುದಿಲ್ಲ. ಓದಿದ್ದು ನಾಲ್ಕನೇ ಇಯತ್ತೆ. ಸವಿತಾ ಮತ್ತು ಆಕೆಯ ಜೊತೆ ಸೇರುವ ಹುಡುಗ ಹುಡುಗಿಯರು ತರಬೇತಿಯಲ್ಲಿ ಕೇಳದ ನಾಲ್ಕು ಮಾತು ನನ್ನಲ್ಲಿವೆ. ಅದಕ್ಕೆ ಬರೆಯಲು ಕೂತೆ.

ಆದರೆ ಅವತ್ತಿನ ಸಂತೋಷದಲ್ಲೂ ಒಂದು ಚಿಂತೆ ಹೋಗಿರಲಿಲ್ಲ. ನಾಲ್ಕು ಕಡೆಯ ಜನರ ರಟ್ಟೆಗೆ ಪಟ್ಟಿ ಸುತ್ತಿದ ನನಗೆ ನಮ್ಮ ಮನೆಯ ಒಂದು ರಟ್ಟೆ ಒಂದು ದಿನವೂ ಸಿಕ್ಕಿರಲಿಲ್ಲ. ಅದು ನನ್ನ ಹೆಂಡತಿ ಕಮಲವ್ವನದು. ಆಕೆಯ ತಾಯಿ ಲಕ್ವಾ ಹೊಡೆದು ಸತ್ತಳು. ಸಾವಳಗಿಯಲ್ಲಿದ್ದ ಆಕೆಯ ಅಣ್ಣ ನಿಂಗಪ್ಪನಿಗೂ ಅದೇ ಹೊಡೆಯಿತು. ಮಾತು ಹೋಗಿ, ಕೈ ಹೋಗಿ, ಕೊನೆಗೆ ಆತನೇ ಹೋದ. ಇನ್ನು ಪಾಳಿ ಯಾರದು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಕೆಗೂ ಗೊತ್ತಿತ್ತು. ಅದಕ್ಕೇ ಆಕೆ ರಟ್ಟೆ ಚಾಚುತ್ತಿರಲಿಲ್ಲ.

"ನೋಡಿದ್ರ ಬರತೈತಿ" ಎನ್ನುತ್ತಿದ್ದಳು. "ನೋಡದಿದ್ರ ಅದಕ್ಕ ನಮ್ಮ ಮನಿ ದಾರಿ ಗೊತ್ತಾಗೂದಿಲ್ಲ."

"ಊರ ಮಂದಿ ಎಲ್ಲಾ ತೋರಸ್ತಾರಲ್ಲ?"

"ಊರ ಮಂದೀನ ನೋಡಾಕ ನಿಮಗ ಪಗಾರ ಕೊಡ್ತಾರ. ನನ್ನ ನೋಡಾಕ ಯಾರು ಕೊಡ್ತಾರ? ಸುಮ್ನ ಕುಂಡ್ರಿ."

ಆಕೆ ಖಡಕ್ ರೊಟ್ಟಿ ಮಾಡಿ ಮಾರುವವಳು. ಒಲೆಯ ಮುಂದೆ ಕೂತಾಗ ಮುಖ ಕೆಂಪಾಗಿ, ಹಣೆಯ ನರ ಉಬ್ಬಿ ಕಾಣುತ್ತಿತ್ತು. ಅದು ಒಲೆಯ ಝಳವೋ ಒಳಗಿನದೋ ಎಂದು ದಿನಾ ನೋಡುತ್ತಿದ್ದೆ. ಕೇಳಿದರೆ ಲಟ್ಟಿಸುವ ಲತ್ತುಗುಣಿ ಎತ್ತಿ ತೋರಿಸುತ್ತಿದ್ದಳು.

ನಾನು ಈ ಕೆಲಸಕ್ಕೆ ಸೇರಿದ್ದು ಬಾಗಲಕೋಟೆ ಹೊಸ ಜಿಲ್ಲೆಯಾದ ಕಾಲಕ್ಕೆ. ನಮ್ಮದು ಹುನ್ನೂರಿನ ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಸರ್ವೆಯ ಸೂಪರ್‌ವೈಸರು ದೇಶಪಾಂಡೆ ಸಾಹೇಬರು ಜಮಖಂಡಿಯವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ದಾರಿ ಗೊತ್ತದಾವೇನು?"

"ಕುರಿ ಹೋದ ದಾರಿ ಎಲ್ಲಾ ಗೊತ್ತದಾವ್ರಿ."

"ಸಾಕು. ಜೀಪು ಅಲ್ಲಿಗೆ ಹೋಗೂದಿಲ್ಲ. ಕಾಟಾ ಹೊತ್ತಕೋ."

ತೂಕದ ಕಾಟಾ, ಬಿ.ಪಿ. ಮಷಿನ್, ಸೊಂಟ ಅಳೆಯುವ ಟೇಪು, ಇಷ್ಟು ನನ್ನ ಹೆಗಲಿಗೆ. ಮನೆ ಮನೆಗೆ ಹೋಗಿ ಜನರನ್ನು ತೂಗಿ, ಅಳೆದು, ಏನು ತಿನ್ನುತ್ತೀರಿ, ಬೀಡಿ ಸೇದುತ್ತೀರಾ, ಮನೆಯಲ್ಲಿ ಯಾರಿಗೆ ಎದೆಬೇನೆ ಇತ್ತು ಎಂದು ಕೇಳಿ ಬರೆದುಕೊಳ್ಳುವುದು. ಕೆಲವು ವರ್ಷ ಬಿಟ್ಟು ಅದೇ ಜನರನ್ನು ಹುಡುಕಿ, ಯಾರಿದ್ದಾರೆ, ಯಾರು ಹೋದರು, ಯಾವುದರಿಂದ ಹೋದರು ಎಂದು ನೋಡುವುದು. ಮೊದಲು ನನಗೆ ಇದು ಕೆಲಸವಿಲ್ಲದವರ ಉದ್ಯೋಗ ಅನ್ನಿಸಿತು. ಬೇನೆ ಬಂದವನಿಗೆ ಔಷಧ ಕೊಡುವುದು ಬಿಟ್ಟು, ಬಾರದವನನ್ನು ಯಾಕೆ ತೂಗಬೇಕು? ಕೇಳಿದಾಗ ದೇಶಪಾಂಡೆ ಸಾಹೇಬರು ಹೇಳಿದರು: "ನಮ್ಮ ಲೆಕ್ಕಾ ಒಂದಽ ಇದ್ರ ಏನೂ ತಿಳಿಯೂದಿಲ್ಲ ಮಾಳಪ್ಪ. ಹಿಂಗಽ ಬ್ಯಾರೆ ರಾಜ್ಯದಾವ್ರು, ಬ್ಯಾರೆ ದೇಶದಾವ್ರು ಮಾಡಾಕತ್ತಾರ. ಎಲ್ಲಾರ ಲೆಕ್ಕಾ ಒಂದ ಕಡೆ ಕೂಡಸ್ತಾರ. ಆಗ ಯಾರಿಗೆ ಬರತೈತಿ, ಯಾಕ ಬರತೈತಿ ಅನ್ನೂದು ಎದ್ದು ಕಾಣತೈತಿ."

ಇದು ನನಗೆ ಕೂಡಲೇ ಹೊಂದಿತು. ನಮ್ಮಲ್ಲಿ ಕುರಿ ಮೇಯಿಸಲು ದೂರ ಹೋಗುವಾಗ ಐದಾರು ಮನೆಯ ಕುರಿಗಳನ್ನು ಒಂದೇ ಹಿಂಡಿಗೆ ಕೂಡಿಸುತ್ತಾರೆ. ಯಾರ ಕುರಿ ಯಾವುದು ಎಂದು ಕಿವಿಗೆ ಗುರುತು ಇರುತ್ತದೆ. ನಮ್ಮ ಮನೆಯ ಸಣ್ಣ ಹಿಂಡಿನಲ್ಲಿ ಎರಡು ಸತ್ತರೆ ದೇವರು ಮುನಿದ ಅನ್ನುತ್ತೇವೆ. ಕೂಡಿಸಿದ ದೊಡ್ಡ ಹಿಂಡಿನಲ್ಲಿ ಸತ್ತರೆ, ಆ ಹೊಂಡದ ನೀರು ಕುಡಿದವು ಸತ್ತವು, ಕುಡಿಯದವು ಉಳಿದವು ಎಂದು ಕಣ್ಣಿಗೇ ಕಾಣುತ್ತದೆ. ದೇವರ ಮೇಲಿನ ಅಪವಾದ ಅಲ್ಲಿಗೆ ಮುಗಿಯಿತು. ಇದನ್ನು ಹೇಳಿದಾಗ ಸಾಹೇಬರು ಖುಷಿಯಾದರು, ಆದರೆ ಒಂದು ಮಾತು ಸೇರಿಸಿದರು:

"ಖರೆ. ಆದ್ರ ಕುರಿಗೆ ಸುಳ್ಳು ಹೇಳಾಕ ಬರೂದಿಲ್ಲಪ್ಪ."

ಮುಂದಿನ ನನ್ನ ಸರ್ವೀಸೆಲ್ಲ ಈ ಒಂದು ಮಾತಿನ ವಿವರಣೆ.

ಬನಹಟ್ಟಿಯಿಂದ ಶುರು ಮಾಡುತ್ತೇನೆ. ಅಲ್ಲಿ ಮನೆಯೊಳಗೇ ಪಾವರ್‌ಲೂಮ್. ಮಗ್ಗ ನಡೆಯುವಾಗ ಪಕ್ಕದವನು ಕೂಗಿದರೂ ಕೇಳಿಸದು, ಇನ್ನು ಕಿವಿಗೆ ನಳಿಗೆ ಹಚ್ಚಿ ನಾಡಿಯ ಸಪ್ಪಳ ಕೇಳುವುದೆಲ್ಲಿ? "ಒಂದೀಟು ಮಗ್ಗ ನಿಂದರಸ್ರಿ" ಎಂದರೆ ನೇಕಾರ "ಯಾಕ, ಸೀರಿ ನೀವು ತೊಗೊಳ್ಳಾವ್ರೇನು?" ಎನ್ನುತ್ತಿದ್ದ. ಕೊನೆಗೆ ದೇಶಪಾಂಡೆ ಸಾಹೇಬರು ಒಂದು ಉಪಾಯ ಹುಡುಕಿದರು. ಕರೆಂಟ್ ಹೋದಾಗ ಹೋಗುವುದು. ಕರೆಂಟ್ ಹೋಗುವುದಕ್ಕೇನು ಬರವೇ, ಅದು ದಿನಾ ಹೋಗುತ್ತಿತ್ತು. ಹೋದ ಕೂಡಲೇ ನಾವು ಓಡುತ್ತಿದ್ದೆವು. ನಿಂತ ಮಗ್ಗದ ಮುಂದೆ ಕೂತ ನೇಕಾರ ಕಂಬದ ಕಡೆ ನೋಡಿ ಏಳು ತಲೆಮಾರು ಬೈಯುತ್ತಿರುವಾಗ ನಾವು ಆತನ ರಟ್ಟೆಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದೆವು. ಏರಿದ ಪಾದರಸ ಇಳಿಯಲೊಲ್ಲದು!

ಬನಹಟ್ಟಿಯವರಿಗೆ ಮನೆಮನೆಗೂ ಬಿ.ಪಿ. ಎಂದು ಲೆಕ್ಕ ಹೋಯಿತು. ಇದು ನೂಲಿನ ಬಣ್ಣದ ದೋಷವೋ, ಸಪ್ಪಳದ ದೋಷವೋ ಎಂದು ಮೇಲಿನವರು ಕೇಳಿ ಕಳಿಸಿದರು. ಒಬ್ಬ ಮುದುಕ ನೇಕಾರನಿಗೆ ಸಾಹೇಬರು ಗುಳಿಗೆಯ ಮಾತು ಎತ್ತಿದಾಗ ಆತ ಕೈ ಮುಗಿದ.

"ಗುಳಿಗಿ ಬ್ಯಾಡ್ರೀ ಸಾಹೇಬ್ರ. ಮೊದಲ ಕರೆಂಟ್ ಕೊಟ್ಟು ನೋಡ್ರಿ."

ಸಾಹೇಬರು ಎರಡೂ ಭಾಷೆಯಲ್ಲಿ ತಮ್ಮನ್ನೇ ಬೈದುಕೊಂಡರು. ಮಗ್ಗಕ್ಕೆ ರಜೆ ಇರುವ ದಿನ ಮತ್ತೆ ಓಣಿ ಓಣಿ ತಿರುಗಿದೆವು. ಬಹಳ ಜನರದ್ದು ಇಳಿದಿತ್ತು. ಕೆಲವರದ್ದು ಇಳಿದಿರಲಿಲ್ಲ. ಹುಡುಗರೇ, ಆ ಕೆಲವರನ್ನು ಹುಡುಕಲಿಕ್ಕೇ ನಿಮಗೆ ಪಗಾರ. ಆ ಮುದುಕ ನೇಕಾರ ಇಳಿಯದವರಲ್ಲಿ ಒಬ್ಬನಾಗಿದ್ದ. ಗುಳಿಗೆ ತೆಗೆದುಕೊಂಡ. ಕರೆಂಟ್ ಮೊದಲಿನಂತೆಯೇ ಹೋಗುತ್ತಿತ್ತು.

ಮುಧೋಳದಲ್ಲಿ ಇನ್ನೊಂದು. ಮೇಲಿನಿಂದ ಬಂದ ಪ್ರಶ್ನೆ, "ನೀವು ವ್ಯಾಯಾಮ ಮಾಡುತ್ತೀರಾ?" ಎಲ್ಲ ದೇಶದಲ್ಲೂ ಒಂದೇ ಪ್ರಶ್ನೆ ಕೇಳಬೇಕು, ಇಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ. ಬೆಳಗಿನಿಂದ ಕಬ್ಬು ಕಡಿದು, ತಲೆಯ ಮೇಲೆ ಹೊರೆ ಹೊತ್ತು ಬಂದ ಹೆಣ್ಣುಮಗಳು ಬೆವರು ಒರೆಸುತ್ತ "ಇಲ್ಲರಿ, ಅದಕ್ಕೆಲ್ಲಾ ಪುರಸೊತ್ತು ಎಲ್ಲೈತ್ರಿ?" ಎಂದಳು. ವ್ಯಾಯಾಮ ಇಲ್ಲ ಎಂದು ಬರೆದೆವು. ಪೇಟೆಯ ಒಬ್ಬ ಅಡತಿ ವ್ಯಾಪಾರಿ ಎದೆಯುಬ್ಬಿಸಿ "ದಿನಾ ಮುಂಜಾನೆ ವಾಕಿಂಗ್ ಹೊಕ್ಕೀನಿ" ಎಂದ. ಮನೆಯಿಂದ ಚಹಾದಂಗಡಿಯವರೆಗೆ. ವ್ಯಾಯಾಮ ಇದೆ ಎಂದು ಬರೆದೆವು. ಎರಡೂ ಲೆಕ್ಕ ಒಂದೇ ಹಿಂಡಿಗೆ ಸೇರಿದವು, ಕಿವಿಗೆ ಗುರುತು ಸಮೇತ.

ಈಗ ಬೀಳಗಿಯ ಆ ಊರಿನ ಕಥೆ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯ ಜನ ನಮಗೆ ಬಹಳ ಸಲ ಊಟ ಹಾಕಿದ್ದಾರೆ. ಮೊದಲ ಸುತ್ತಿಗೆ ನಾವು ಹೋದಾಗ ಊರು ಇನ್ನೂ ಹೊಳೆಯ ದಂಡೆಯಲ್ಲಿತ್ತು. ಅಣೆಕಟ್ಟಿನ ನೀರಿಗೆ ಮುಳುಗಡೆಯಾಗುವ ಊರು. ಅಳೆಯುವವರನ್ನು ಕಂಡು ಕಂಡು ಜನ ಪಳಗಿದ್ದರು. ಹೊಲ ಅಳೆದರು, ಮನೆ ಅಳೆದರು, ಗಿಡ ಎಣಿಸಿದರು. ಆಮೇಲೆ ನಾವು ಟೇಪು ಹಿಡಿದು ಸೊಂಟ ಅಳೆಯಲು ನಿಂತೆವು. ಇದು ಪರಿಹಾರದ ಅಳತೆಯಲ್ಲ ಎಂದು ಗಂಟಲು ಹರಿಯುವಂತೆ ಹೇಳಿದರೂ ಅವರು ಕಣ್ಣು ಮಿಟುಕಿಸಿ "ಆತು ತೊಗೋರಿ, ನಮಗ ತಿಳೀತು" ಎಂದರು. ಕೆಲವು ಗಂಡಸರು ಟೇಪು ಬಿಗಿಯುವಾಗ ಹೊಟ್ಟೆ ಉಬ್ಬಿಸಿದರು.

ಕೆಲವು ವರ್ಷಗಳ ಮೇಲೆ ಎರಡನೆಯ ಸುತ್ತು. ಅಷ್ಟೊತ್ತಿಗೆ ಹಳೆಯ ಊರು ಹಿನ್ನೀರಿನಲ್ಲಿತ್ತು, ಜನ ದಿಬ್ಬದ ಮೇಲಿನ ಪುನರ್ವಸತಿ ಕೇಂದ್ರದಲ್ಲಿದ್ದರು, ಅಲ್ಲಿಗೆ ಹೊಸದಾಗಿ ಒಬ್ಬ ನರ್ಸ್‌ಬಾಯಿಯೂ ಬಂದಿದ್ದಳು. ನಾವು ಮನೆ ಮನೆ ಕೇಳುತ್ತ ಹೋದೆವು. ಈ ಹಿರಿಯರು ಇದ್ದಾರೆಯೇ? ಇದ್ದಾರೆ, ಹೊಲಕ್ಕೆ ಹೋಗಿದ್ದಾರೆ. ಇವರ ತಮ್ಮ? ಇದ್ದಾನೆ, ಗೋವಾಕ್ಕೆ ದುಡಿಯಲು ಹೋಗಿದ್ದಾನೆ. ಇವರ ತಾಯಿ? ಇದ್ದಾಳೆ, ಮಗಳ ಊರಿಗೆ ಹೋಗಿದ್ದಾಳೆ. ಊರಲ್ಲಿ ಸಿಕ್ಕ ಗಂಡಸರನ್ನು ತೂಗಿ ಬಿ.ಪಿ. ನೋಡಿದೆವು, ಬಂಡೆಯಂಥ ಮೈ, ತಂಪು ನೀರಿನಂಥ ಬಿ.ಪಿ. ಎಲ್ಲರೂ ಒಂದೇ ಅಚ್ಚಿನಲ್ಲಿ ಹೊಯ್ದಂತಿದ್ದರು. ಹಾಗೆಂದು ಸಾಹೇಬರಿಗೆ ಹೇಳಿದೆ ಕೂಡ. "ಬಳಗ ಒಂದಽ ಅಲ್ಲೇನು, ಹಂಗಽ ಇರತಾರ" ಎಂದರು. ಇಬ್ಬರಿಗೂ ಸಮಾಧಾನವಾಯಿತು.

ಲೆಕ್ಕ ಮೇಲಕ್ಕೆ ಹೋಯಿತು. ಎಲ್ಲ ದೇಶದ ಲೆಕ್ಕದ ಜೊತೆ ಕೂಡಿಸಿದಾಗ ಎಲ್ಲರ ಕಣ್ಣೂ ಬೀಳಗಿಯ ಆ ಒಂದು ಊರಿನ ಮೇಲೆ ನಿಂತಿತು. ಎಲ್ಲ ಕಡೆ ಜನ ಸಾಯುತ್ತಾರೆ, ಇಲ್ಲಿ ಮಾತ್ರ ಒಬ್ಬರೂ ಸತ್ತಿಲ್ಲ. ಎದೆಬೇನೆಯಿಂದಲೂ ಇಲ್ಲ, ಲಕ್ವಾದಿಂದಲೂ ಇಲ್ಲ, ಯಾವುದರಿಂದಲೂ ಇಲ್ಲ!

ಈ ಸುದ್ದಿಯನ್ನು ನಾನು ಮನೆಯಲ್ಲಿ ಬಾಯ್ತುಂಬ ಹೇಳಿದೆ. ಹೇಳಬಾರದಿತ್ತು.

"ಅಲ್ಲಿ ಮಂದಿ ಏನ್ ಉಣ್ತಾರ?" ಎಂದು ಕಮಲವ್ವ ಕೇಳಿದಳು.

"ರೊಟ್ಟಿ, ಪಲ್ಲೆ, ಉಪ್ಪಿನಕಾಯಿ. ನಮ್ಮಂಗನ."

"ನೀವು ಹೋಗೂಕಿಂತ ಮೊದಲ ಬಿ.ಪಿ. ತೋರಿಸಿದ್ರೇನು ಅವ್ರು?"

"ಇಲ್ಲ."

"ಮತ್ತ? ತೋರಸದಾವ್ರು ಒಬ್ರೂ ಸತ್ತಿಲ್ಲ. ತೋರಿಸಿದ ನಮ್ಮಣ್ಣ ಸತ್ತ. ನಿಮ್ಮ ಲೆಕ್ಕಾನ ಹೇಳಾಕತ್ತೈತಿ ನೋಡ್ರಿ."

ಇಷ್ಟು ದೇಶ ಕೂಡಿ ಮಾಡಿದ ಲೆಕ್ಕ ನನ್ನ ಹೆಂಡತಿಯ ಕೈಯಲ್ಲಿ ಕೋಲಾಯಿತು. ನಿಂಗಪ್ಪ ಬಿ.ಪಿ. ತೋರಿಸಿದ್ದು ಬಿದ್ದ ಮೇಲೆ, ಬೀಳುವ ಮೊದಲಲ್ಲ ಎಂದು ನಾನು ಹೇಳುವಷ್ಟರಲ್ಲಿ ಆಕೆ ರೊಟ್ಟಿ ಬಡಿಯಲು ಶುರು ಮಾಡಿದ್ದಳು. ಆ ಸಪ್ಪಳದ ಮುಂದೆ ಪಾವರ್‌ಲೂಮ್ ಲೇಸು.

ಬೆಂಗಳೂರಿನಿಂದ ಒಬ್ಬ ದೊಡ್ಡ ಡಾಕ್ಟರು ಆ ಊರನ್ನು ನೋಡಲೆಂದೇ ಬಂದರು. ಮೆಲುಮಾತಿನ, ಒಳ್ಳೆಯ ಮನುಷ್ಯರು. ಜೋಳ ಕಟ್ಟಿಸಿಕೊಂಡರು, ನೀರು ಬಾಟಲಿಗೆ ತುಂಬಿಸಿಕೊಂಡರು. "ಹಿನ್ನೀರಿನ ಮೀನು ತಿಂತೀರಾ?" ಎಂದು ಕೇಳಿದರು. ಮೀನು ಹಿಡಿಯುವ ಗುತ್ತಿಗೆಯ ಮಾತಿರಬೇಕೆಂದು ತಿಳಿದು, ಮೀನನ್ನು ಮೂಸಿಯೂ ನೋಡದ ಮನೆಗಳವರು "ದಿನಾ ತಿಂತೀವ್ರಿ" ಎಂದರು. ಡಾಕ್ಟರು ಅದನ್ನೂ ಬರೆದುಕೊಂಡರು. ಹೊರಡುವಾಗ ಬಹಳ ಸಂತೋಷದಿಂದ ಊರಿನ ಗೌಡರಿಗೆ ಒಂದು ಚೇಷ್ಟೆಯ ಮಾತು ಹೇಳಿದರು:

"ಇಷ್ಟು ಆರೋಗ್ಯವಾಗಿರೋ ಊರಿಗೆ ನರ್ಸ್ ಯಾಕ್ರೀ ಗೌಡ್ರೇ? ಬೇರೆ ಊರಿಗಾದ್ರೂ ಕಳಿಸಬಹುದಿತ್ತು."

ಅವರು ನಕ್ಕು ಜೀಪು ಹತ್ತಿದರು. ಗೌಡರು ನಗಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರ ಜೊತೆ ಮತ್ತೆ ಹೋದಾಗ ಇಡೀ ಊರು ನೀರಿನ ಟಾಕಿಯ ಕೆಳಗೆ ಕೂಡಿತ್ತು. ಗೌಡರು ರುಮಾಲು ಸರಿಮಾಡಿಕೊಂಡು ಮುಂದೆ ಬಂದರು.

"ಸಾಹೇಬ್ರ, ಒಂದ್ ತಪ್ಪ ಆಗೇತಿ."

"ಏನಾಯ್ತು?"

"ನಮ್ಮಲ್ಲೂ ಮಂದಿ ಸಾಯ್ತಾರ್ರೀ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಗೌಡರು ಬಿಡಿಸಿ ಹೇಳಿದರು. "ಬೇಕಾದಷ್ಟು ಸಾಯ್ತಾರ್ರೀ. ಬ್ಯಾರೆ ಊರಿಗಿಂತ ನಮ್ಮದೇನು ಕಡಿಮಿ ಇಲ್ಲ. ನರ್ಸ್‌ಬಾಯಿನ್ನ ಒಯ್ಯಬ್ಯಾಡ್ರಿ."

ಸಂಗತಿ ಇಷ್ಟೇ. ಜಾಗದ ಹಕ್ಕುಪತ್ರ ಇನ್ನೂ ಕೈಗೆ ಬಂದಿರಲಿಲ್ಲ. ಮನೆಯ ಹಿರಿಯ ಸತ್ತನೆಂದು ಗೊತ್ತಾದರೆ ಆತನ ಹೆಸರು ತೆಗೆಸಿ, ಬದುಕಿದವನ ಹೆಸರು ಸೇರಿಸಬೇಕು. ಆ ತಿರುಗಾಟದಲ್ಲಿ ಬದುಕಿದವನೂ ಸಾಯುತ್ತಾನೆ. ಆದ್ದರಿಂದ ಟೇಪು ಹಿಡಿದು ಬಂದವರ ಮುಂದೆ ಯಾರೂ ಸಾಯತಕ್ಕದ್ದಲ್ಲ ಎಂದು ಊರೇ ಕೂಡಿ ಮಾತಾಡಿಕೊಂಡಿತ್ತು. ಈಗ ನರ್ಸ್ ಹೋಗುವ ಹೆದರಿಕೆಗೆ ಸತ್ತವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಬಂದರು.

"ನಮ್ಮಪ್ಪ ಹ್ವಾದ್ರಿ. ಎದಿ ಹಿಡಕೊಂಡು."

"ನಮ್ಮ ಕಾಕಾನೂ ಹ್ವಾದ್ರಿ, ಬರಕೋರಿ."

ಕಾಕಾನ ಹೆಸರು ಕೇಳಿ ದೇಶಪಾಂಡೆ ಸಾಹೇಬರು ಬೆಚ್ಚಿಬಿದ್ದರು. "ಅರೆ! ನಿಮ್ಮ ಕಾಕಾಂದು ಬಿ.ಪಿ. ನಾನಽ ನೋಡೀನಲ್ಲೋ!"

"ಅಂವ ಯಲ್ಲಪ್ಪರೀ."

ಯಲ್ಲಪ್ಪ ಎಂಬ ಗಟ್ಟಿಮುಟ್ಟಾದ ಆಳು ತಲೆ ತಗ್ಗಿಸಿ ಮುಂದೆ ಬಂದ. "ಮೂರ್ನಾಕ ಮನಿಯಾಗ ನಾನಽ ನಿಂತಿದ್ನಿರಿ. ಅಂಗಿ ಬದಲ ಮಾಡಿದ್ನಿ. ಮಗ್ಗಲ ಮನಿಯಾವ್ರು ಕರದ್ರ ಒಲ್ಲೆ ಅನ್ನಾಕ ಬರ್ತೈತೇನ್ರಿ?"

"ಲೇ! ಅದಕ್ಕಽ ಎಲ್ಲಾರ ಬಿ.ಪಿ. ಒಂದಽ ಬಂತು! ಈ ಮಷಿನ್ ಎಷ್ಟ ಛಲೋ ಐತಿ ನೋಡ್ರಿ ಅಂತ ಮ್ಯಾಲಿನಾವ್ರಿಗೆ ಹೇಳೀನಲ್ಲೋ ನಾನು!"

ಬೆಂಗಳೂರಿನ ಡಾಕ್ಟರು ಟಾಕಿಯ ಕಟ್ಟೆಯ ಮೇಲೆ ಕೂತರು. ಆಮೇಲೆ ಹೇಳಿದರು: "ಅದಕ್ಕೇ ಎಲ್ಲರ ಲೆಕ್ಕ ಕೂಡಿಸೋದು ದೇಶಪಾಂಡೆ. ಒಂದು ಊರಿನ ಸುಳ್ಳು ನೂರು ಊರಿನ ನಿಜದ ಮಧ್ಯೆ ಸಿಕ್ಕಿಬೀಳುತ್ತೆ."

"ಖರೆ ಸರ್. ಆದ್ರ ನೂರೂ ಊರು ಹಿಂಗಽ ಇದ್ರ?"

ಡಾಕ್ಟರು ಚಹಾ ಸಿಗುತ್ತದೆಯೇ ಎಂದು ಕೇಳಿದರು.

ಇಲ್ಲಿಗೆ ನಗೆ ಮುಗಿಯಿತು. ಆಮೇಲೆ ನಾವು ಆ ಊರಲ್ಲಿ ಬಹಳ ದಿನ ಕೂತೆವು. ಸತ್ತವರ ಮನೆಗೆ ಹೋಗಿ ಹೇಗೆ ಸತ್ತರು ಎಂದು ಕೇಳುವುದು. ಹುಡುಗರೇ, ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇದೇ, ಯಾಕೆಂದರೆ ಇದಕ್ಕೆ ಮಷಿನ್ ಇಲ್ಲ. ಗಂಗವ್ವ ಎಂಬ ಮುದುಕಿ ಇದ್ದಳು. ಗಂಡ ಗೋವಾದಲ್ಲಿದ್ದಾನೆ ಎಂದಿದ್ದಳು. ಅವತ್ತು ಹೊಸ್ತಿಲ ಮೇಲೆ ಕೂತು, ಸೆರಗನ್ನು ಬೆರಳಿಗೆ ಸುತ್ತುತ್ತ ಹೇಳಿದಳು.

"ಎಲ್ಲೀ ಗೋವಾರಿ, ಇಲ್ಲೇ ಬಿದ್ದ. ಬಾಯಿ ಸೊಟ್ಟ ಆತು, ಬಲಗೈ ಸತ್ತು ಹೋತು. ಪಾರಿವಾಳದ ರಕ್ತ ಹಚ್ಚಿದ್ವಿ. ನಾನು ಮಾರಿ ಮುಂದ ಕುಂತ್ರ ಕಣ್ಣೀಲೆ ಏನೋ ಹೇಳತಿದ್ದ. ತಿಳೀಲಿಲ್ಲ ನನಗ."

ಸಾಹೇಬರು ಮೆಲ್ಲಗೆ ಕೇಳಿದರು. "ಮೊದಲನೇ ಸಲ ಬಂದಾಗ ನಾವು ಹೇಳಿದ್ವಿಲ್ಲವಾ, ಬಿ.ಪಿ. ಭಾಳ ಐತಿ, ದವಾಖಾನಿಗೆ ಹೋಗ್ರಿ ಅಂತ?"

"ಹೇಳಿದ್ರಿ. ಹೆಚ್ಚು ಬಂದೈತಿ ಅಂದ್ರಿ. ಎಲ್ಲಾ ಅಳತಿ ಹೆಚ್ಚು ಬಂದಷ್ಟು ಛಲೋ ಅಂತ ತಿಳದಿದ್ವಿರಿ ಆಗ. ಮಗ್ಗಲ ಮನಿಯಾವ್ರಿಗಿಂತ ನಂದು ಹೆಚ್ಚೈತಿ ಅಂತ ಕಟ್ಟಿ ಮ್ಯಾಲ ಕುಂತು ಎಲ್ಲಾರಿಗೂ ಹೇಳಿದ. ಅವತ್ತು ಸಂತ್ಯಾಗಿಂದ ಮೈಸೂರಪಾಕ ತಂದಿದ್ದ."

ಸಾಹೇಬರ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ನಾನು ಕಾಟಾ ಎತ್ತಿಕೊಂಡು ಹೊರಗೆ ಬಂದೆ. ನಾವು ಅಳೆದದ್ದು ಸರಿಯಿತ್ತು, ಹೇಳಿದ್ದೂ ಸರಿಯಿತ್ತು. ಆದರೆ ಮನುಷ್ಯ ಸಿಹಿ ತಿಂದು ಸತ್ತ. ಅಂದಿನಿಂದ ದೇಶಪಾಂಡೆ ಸಾಹೇಬರು ಒಂದು ಪದ್ಧತಿ ಹಾಕಿದರು. ಬಿ.ಪಿ. ಹೇಳಿದ ಮೇಲೆ ಆ ಮನೆಯವರ ಬಾಯಿಂದಲೇ ತಿರುಗಿ ಹೇಳಿಸಬೇಕು. ಹೆಚ್ಚು ಅಂದರೆ ಏನು, ನಾಳೆ ಏನು ಮಾಡುತ್ತೀರಿ, ಹೇಳಿ ನೋಡೋಣ ಎಂದು. ಅದು ಯಾವ ಪ್ರಶ್ನೆಯ ಕಾಗದದಲ್ಲೂ ಇರಲಿಲ್ಲ. ನೀವೂ ಮಾಡಿರಿ.

ಅವತ್ತು ಮನೆಗೆ ಬಂದು ಗಂಗವ್ವ ಹೇಳಿದ್ದನ್ನೆಲ್ಲ ಕಮಲವ್ವನ ಮುಂದೆ ಹೇಳಿದೆ. ಕೇಳುತ್ತ ಕೇಳುತ್ತ ಆಕೆಯ ಕೈ ಹಿಟ್ಟಿನಲ್ಲೇ ನಿಂತಿತು. ಈ ಸಲ ರಟ್ಟೆ ಚಾಚುತ್ತಾಳೆ ಎಂದುಕೊಂಡೆ.

"ಅಂದ್ರ ಮೊದಲ ಒಬ್ರೂ ಸತ್ತಿಲ್ಲ ಅಂದ್ರಿ. ಈಗ ಎಲ್ಲಾರೂ ಸತ್ತಾರ ಅಂತೀರಿ" ಎಂದಳು. "ಹಿಂತಾ ಲೆಕ್ಕಾ ನಂಬಿ ನಾನು ಗುಳಿಗಿ ನುಂಗಬೇಕೇನು?"

ಸತ್ಯ ಹೇಳಬೇಕೆಂದರೆ, ಅಷ್ಟು ದೇಶದ ಡಾಕ್ಟರರ ಹತ್ತಿರವೂ ಆಕೆಗೆ ಹೊಂದುವ ಉತ್ತರ ಇದ್ದಿರಲಾರದು. ಆಕೆ ಹೆದರಿದ್ದಳು, ಅಷ್ಟೇ. ಹೆದರಿದವರ ಮುಂದೆ ಎಷ್ಟು ಊರಿನ ಲೆಕ್ಕ ಕೂಡಿಸಿಟ್ಟರೂ ಅವರಿಗೆ ಕಾಣುವುದು ತಮ್ಮ ಅಣ್ಣನ ಮುಖ ಒಂದೇ.

ವರ್ಷಗಳು ಹೋದವು. ಪಾದರಸದ ಮಷಿನ್ ಹೋಗಿ ಗುಂಡಿ ಒತ್ತಿದರೆ ತಾನೇ ಉಬ್ಬುವ ಮಷಿನ್ ಬಂತು. ಮಗ್ಗದ ಪಕ್ಕದಲ್ಲೂ ಕೆಲಸ ಮಾಡುತ್ತದೆ. ಬರೆಯುವ ಕಾಗದ ಹೋಗಿ, ಬೆರಳಿನಿಂದ ಒತ್ತುವ ಹಲಗೆಯಂಥದು ಬಂತು. ಅದು ತಪ್ಪು ಬರೆಯಲು ಬಿಡುವುದಿಲ್ಲವಂತೆ. ಜನ ತಪ್ಪು ಹೇಳಲು ಬಿಡುತ್ತದೆಯೇ ಎಂದು ಕೇಳಿದೆ. ದೇಶಪಾಂಡೆ ಸಾಹೇಬರು ನಿವೃತ್ತರಾದರು, ಆಮೇಲೆ ನಾನೂ ಆದೆ. ಕಮಲವ್ವನ ರಟ್ಟೆ ಸೆರಗಿನೊಳಗೇ ಉಳಿಯಿತು. ಈಚೆಗೆ ಆಕೆಗೆ ಬೆಳಿಗ್ಗೆ ತಲೆ ಹಿಡಿಯುತ್ತಿತ್ತು, ಎದ್ದಾಗ ಗೋಡೆ ಹಿಡಿದು ನಿಲ್ಲುತ್ತಿದ್ದಳು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದರೆ ಗೋಡೆ ಬಿಟ್ಟು ನಡೆಯುತ್ತಿದ್ದಳು.

ಸವಿತಾ ಅವತ್ತು ಸಂಜೆ ಬಸ್ಸಿಳಿದು ಬಂದಾಗ ಹೆಗಲಿಗೆ ಒಂದು ಹೊಸ ಚೀಲವಿತ್ತು. ಸೋಮವಾರ ತರಬೇತಿ, ಅಷ್ಟರಲ್ಲಿ ಕೈ ಪಳಗಿಸಿಕೊಳ್ಳಿ ಎಂದು ಮಷಿನ್ ಕೊಟ್ಟು ಕಳಿಸಿದ್ದರಂತೆ. ಎಲ್ಲರ ಕಾಲಿಗೆ ಬಿದ್ದಳು. ನಾನು ಆಗಲೇ ಅಂಗಿಯ ತೋಳು ಮಡಚಿ ಕೂತಿದ್ದೆ. ಸಿದ್ದು ತನ್ನ ಮೋಟಾರ್ ರಿಪೇರಿ ಅಂಗಡಿ ಮುಚ್ಚಿ ಬಂದವನು ಎಣ್ಣೆಯ ಕೈ ತೊಳೆದುಕೊಂಡು ತಾನೂ ತೋಳು ಮಡಚಿದ. ಸವಿತಾ ನಮ್ಮಿಬ್ಬರನ್ನೂ ದಾಟಿಹೋಗಿ ಅಡುಗೆಮನೆಯಲ್ಲಿ ಒಲೆಯ ಮುಂದೆ ಮಂಡಿಯೂರಿದಳು.

"ಆಯಿ, ನೀ ರೊಟ್ಟಿ ಮಾರಾಕ ಕುಂತಾಗ ಬೋಣಿ ಯಾರ ಕೈಲೆ ಮಾಡಸ್ತಿ?"

ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಕಮಲವ್ವನಿಗೆ ಅದರಷ್ಟು ದೊಡ್ಡ ಶಾಸ್ತ್ರ ಇನ್ನೊಂದಿಲ್ಲ. ಬೋಣಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು, ಕಳಿಸಿದರೆ ದಿನವೆಲ್ಲ ಕೆಡುತ್ತದೆ.

"ನಮ್ಮ ಮನಿ ಮಂದಿ ಕೈಲೆ. ಯಾಕ?"

"ನಂದು ಇವತ್ತ ಬೋಣಿ. ಮೊದಲನೇ ರಟ್ಟಿ. ಇಲ್ಲ ಅಂತಿದ್ರ ಅನ್ನು. ಎದ್ದು ಹೊಕ್ಕೀನಿ."

ಒಲೆಯ ಮೇಲೆ ಹಂಚಿತ್ತು, ಹಂಚಿನ ಮೇಲೆ ಹೋಳಿಗೆಯಿತ್ತು. ಸೊಸೆ ಸುನಂದಾ ಹೂರಣದ ಬಟ್ಟಲು ಬದಿಗೆ ಸರಿಸಿದಳು. ನಾನು ಬಾಗಿಲ ಹೊರಗೇ ಇದ್ದೆ. ಇಷ್ಟು ವರ್ಷ ಏನೆಲ್ಲ ಹೇಳಿದ್ದೆ! ನಿಂಗಪ್ಪನ ಹೆಸರು, ಗಂಗವ್ವನ ಹೆಸರು, ದೇಶ ವಿದೇಶದ ಹೆಸರು. ಬೋಣಿ ಎಂದು ಕೇಳಬಹುದೆಂದು ನನ್ನ ತಲೆಗೆ ಬಂದೇ ಇರಲಿಲ್ಲ.

ಕಮಲವ್ವ ಹೋಳಿಗೆ ತೆಗೆದು, ಹಂಚು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡಳು. "ನಿಮ್ಮಪ್ಪ ಹುಟ್ಟಿದಾಗ ಡಾಕ್ಟರ್‌ಗೂ ಕೈ ಕೊಟ್ಟಿಲ್ಲ ನಾ" ಎಂದಳು. ಕುಪ್ಪಸದ ತೋಳು ಮೇಲೆ ಸರಿಸಿ ರಟ್ಟೆ ಚಾಚಿದಳು. ಸವಿತಾ ಪಟ್ಟಿ ಸುತ್ತಿ, ಆಕೆಯನ್ನು ಗೋಡೆಗೆ ಒರಗಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ, ಆಮೇಲೆ ಗುಂಡಿ ಒತ್ತಿದಳು. ಒಂದು ಸಲ ನೋಡಿದಳು, ತಡೆದು ಇನ್ನೊಂದು ಸಲ ನೋಡಿದಳು. ನನ್ನ ಕಡೆ ತಿರುಗಿದ ಮುಖದಲ್ಲೇ ಅಂಕಿ ಓದಿಕೊಂಡೆ.

"ಖರೆ ಹೇಳು. ನಿನ್ನ ಮುತ್ಯಾಂದಕ್ಕಿಂತ ಹೆಚ್ಚೈತೇನು?"

"ಐತಿ ಆಯಿ. ಭಾಳ ಹೆಚ್ಚೈತಿ."

"ಇರಬೇಕು. ಇವ್ರ ಜೋಡಿ ಬಾಳೇ ಮಾಡಿದಾಕಿ ನಾನು, ಇವ್ರೇನು?"

"ಹೆಚ್ಚಂದ್ರ ಏನು ಆಯಿ, ನೀ ಹೇಳು ನೋಡೂಣು."

ಕಮಲವ್ವ ಒಂದು ಗಳಿಗೆ ಒಲೆಯ ಕೆಂಡ ನೋಡಿದಳು. "ನಮ್ಮಣ್ಣಗ ಆದಂಗ ಆಗತೈತಿ ಅಂತ" ಎಂದಳು.

"ಆಗೂದಿಲ್ಲ. ಏಳು, ಈಗಽ ಹೋಗೂಣು."

ಹೋಳಿಗೆ ಅಲ್ಲಿಗೇ ಬಿಟ್ಟು ಸಿದ್ದು ಬೈಕ್ ತೆಗೆದ. ಹಿಂದೆ ಕಮಲವ್ವ, ಆಕೆಯ ಹಿಂದೆ ಸವಿತಾ. ನಾನು ನಡೆದೇ ಹೋಗಿ ಅವರಿಗಿಂತ ಸ್ವಲ್ಪ ತಡವಾಗಿ ದವಾಖಾನೆ ಮುಟ್ಟಿದೆ. ಡಾಕ್ಟರು ಮತ್ತೆ ಬಿ.ಪಿ. ನೋಡಿ, ಎದೆಯ ಇ.ಸಿ.ಜಿ. ಪಟ್ಟಿ ತೆಗೆಸಿ, ಕಣ್ಣರಳಿಸಿದರು.

"ಇಷ್ಟು ದಿನ ಎಲ್ಲಿದ್ರಿ ಅಜ್ಜಿ?"

"ನಾ ಮನ್ಯಾಗಽ ಇದ್ನಿರಿ. ಇವ್ರಽ ಊರೂರು ತಿರಗತಿದ್ರು."

ಸದ್ಯ ಏನೂ ಆಗಿಲ್ಲ, ಸಮಯಕ್ಕೆ ಬಂದಿರಿ ಎಂದರು ಡಾಕ್ಟರು. ದಿನಾ ಗುಳಿಗೆ, ಉಪ್ಪು ಕಡಿಮೆ, ಮುಂದಿನ ವಾರ ಮತ್ತೆ ತೋರಿಸಬೇಕು. ಸವಿತಾ ಅಲ್ಲಿಂದಲೇ ತಾಯಿ ಸುನಂದಾಳಿಗೆ ಫೋನು ಮಾಡಿ ತಿಳಿಸಿದಳು. ಕಮಲವ್ವ ಮೊದಲ ಗುಳಿಗೆಯನ್ನು ಅಲ್ಲೇ ಕಾಂಪೌಂಡರ್ ಕೊಟ್ಟ ನೀರಿನಲ್ಲಿ ನುಂಗಿದಳು, ಆತನ ನೀರಿನ ಲೋಟ ತೊಳೆದಿಲ್ಲ ಎಂದು ಬೈದಳು ಕೂಡ.

ಮನೆಗೆ ಬಂದಾಗ ಸುನಂದಾ ಎಲ್ಲರ ತಾಟುಗಳನ್ನು ಒಂದೇ ಸಾಲಿಗೆ ಹಾಕಿದ್ದಳು. ನಮ್ಮ ಮನೆಯಲ್ಲಿ ಕಮಲವ್ವ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು. ಅವತ್ತು ಸವಿತಾ ಆಕೆಯ ಭುಜ ಒತ್ತಿ ನನ್ನ ಮತ್ತು ತನ್ನ ನಡುವೆ ಕೂರಿಸಿದಳು. ಹೋಳಿಗೆ, ತುಪ್ಪ, ಎಣ್ಣೆಗಾಯಿ, ರೊಟ್ಟಿ, ಕಟ್ಟಿನ ಸಾರು. ನನ್ನ ಹೋಳಿಗೆಯಲ್ಲಿ ಅರ್ಧವನ್ನು ಸವಿತಾ ಮಾತಿಲ್ಲದೆ ತನ್ನ ತಾಟಿಗೆ ಎತ್ತಿಕೊಂಡಳು. ಪೇಢಾದ ಸುದ್ದಿ ಯಾರೋ ಮುಟ್ಟಿಸಿದ್ದರು.

ಸಿದ್ದು ಸಾರು ಸುರಿದುಕೊಂಡು ಒಂದು ತುತ್ತು ಉಂಡು ತಲೆ ಎತ್ತಿದ.

"ಇದೇನ ಸಾರು ಇಷ್ಟ ಸಪ್ಪಗಾಗೇತಿ? ಉಪ್ಪ ಮರ್ತೀಯೇನು ಸುನಂದಾ?"

ಸುನಂದಾ ಬಾಯಿ ತೆರೆಯುವ ಮೊದಲೇ ಕಮಲವ್ವ ತನ್ನ ಬಟ್ಟಲಿನ ಸಾರನ್ನು ಸೊರ್ ಎಂದು ಕುಡಿದು ಕೆಳಗಿಟ್ಟಳು.

"ಸುಮ್ನ ಉಣ್ಣಲೇ" ಎಂದಳು. "ಛಲೋ ಆಗೇತಿ."